ಮಂಜು ಕೆಡದ ಹಾಗೆ ಫೋಟೋ ಸೈಜ್ ಇಳಿಸುವುದು

ಪ್ರಶ್ನೆ: ಕಕ್ಕಬ್ಬೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ವೆಬ್‌ಸೈಟಿಗೆ ಹಾಕಿರುವ ಫೋಟೋಗಳು ಒಂದೊಂದೂ 5-6 ಎಂಬಿ. ಮಳೆಗಾಲದಲ್ಲಿ ನಮ್ಮ ಫೋನಿನಲ್ಲೇ ಪುಟ ತೆರೆಯುವುದಿಲ್ಲ. ಚಾಟ್ ಆ್ಯಪ್‌ನಲ್ಲಿ ಕಳಿಸಿಕೊಂಡು ಚಿಕ್ಕದು ಮಾಡಿದರೆ ತಡಿಯಂಡಮೋಳ್ ಮೇಲಿನ ಮಂಜೆಲ್ಲ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಏನು ಮಾಡಲಿ?

ಉತ್ತರ: ಕ್ವಾಲಿಟಿಗೆ ಕೈ ಹಾಕಬೇಡಿ, ಮೊದಲು ಅಳತೆ ಇಳಿಸಿ. ಫೋನಿನ ಫೋಟೋ ಸಾಮಾನ್ಯವಾಗಿ 4000x3000 ಇರುತ್ತದೆ, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ನಿಮ್ಮ ಪುಟದಲ್ಲಿ ಅದಕ್ಕೆ ಸಿಗುವ ಜಾಗ ಎಷ್ಟು? ಅಗಲ 1600ಕ್ಕೆ ಇಳಿಸಿದರೆ ಉಳಿಯುವುದು ಸುಮಾರು 19 ಲಕ್ಷ ಪಿಕ್ಸೆಲ್. ಆರರಲ್ಲಿ ಒಂದು ಪಾಲೂ ಇಲ್ಲ, ಆದರೂ ನೋಡುವವರಿಗೆ ಏನೂ ಕಮ್ಮಿ ಅನಿಸುವುದಿಲ್ಲ.

ಆಮೇಲೆ ಕ್ವಾಲಿಟಿ. ಫೋಟೋ ಉಳಿಸುವ ಸಾಮಾನ್ಯ ಫಾರ್ಮ್ಯಾಟ್ ಆದ ಜೆಪೆಗ್ ಚಿತ್ರವನ್ನು 8x8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸಣ್ಣ ವಿವರಗಳನ್ನು ಕೈಬಿಡುತ್ತದೆ. ಬೆಳಕಿನ ವ್ಯತ್ಯಾಸ ನಮ್ಮ ಕಣ್ಣಿಗೆ ಬೇಗ ಸಿಗುತ್ತದೆ, ಬಣ್ಣದ್ದು ಅಷ್ಟಿಲ್ಲ, ಹಾಗಾಗಿ ಬಣ್ಣದ ವಿವರವೇ ಜಾಸ್ತಿ ಹೋಗುವುದು. ಕಾಫಿ ಗಿಡದ ಎಲೆ, ಮೆಣಸಿನ ಬಳ್ಳಿ, ಪಾಚಿ ಹಿಡಿದ ಮರ, ಇವುಗಳಲ್ಲಿ ಎಷ್ಟು ಹೋಯಿತು ಅಂತ ಯಾರೂ ಕಂಡುಹಿಡಿಯಲಾರರು. ಆದರೆ ಮಂಜು ಹಾಗಲ್ಲ. ಬಿಳಿಯಿಂದ ಬೂದಿಗೆ ನಿಧಾನವಾಗಿ ತಿರುಗುವ ಜಾಗದಲ್ಲಿ ತಪ್ಪು ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ, ಚೌಕ, ಪಟ್ಟೆ ಎಲ್ಲ ಎದ್ದು ಕಾಣುತ್ತವೆ.

ಅದಕ್ಕೇ ಎಲ್ಲ ಫೋಟೋಗೂ ಒಂದೇ ಕ್ವಾಲಿಟಿ ನಂಬರ್ (100ಕ್ಕೆ ಇಷ್ಟು ಅಂತ ಇರುತ್ತದೆ) ಇಡಬೇಡಿ. 80ರಿಂದ ಶುರು ಮಾಡಿ, ಐದೈದು ಇಳಿಸುತ್ತಾ ಬನ್ನಿ. ಚಿತ್ರವನ್ನು 100 ಪರ್ಸೆಂಟ್ ಅಳತೆಯಲ್ಲಿಟ್ಟು ಮಂಜು, ಆಕಾಶ, ಬಿಳಿ ಗೋಡೆ ಮಾತ್ರ ನೋಡಿ. ಪಟ್ಟೆ ಕಂಡ ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ. ತೋಟದ ಫೋಟೋ 70ರಲ್ಲೂ ಚೆನ್ನಾಗಿಯೇ ಇರಬಹುದು, ಮಂಜಿನದಕ್ಕೆ 85 ಬೇಕಾಗಬಹುದು. ಸಮಾಧಾನದ ವಿಷಯ ಏನಂದರೆ ಮಂಜಿನಲ್ಲಿ ವಿವರವೇ ಕಮ್ಮಿ, ಆದ್ದರಿಂದ 85 ಇಟ್ಟರೂ ಫೈಲ್ ಅಷ್ಟೇನೂ ದೊಡ್ಡದಾಗುವುದಿಲ್ಲ. ಜಾಗ ತಿನ್ನುವುದು ಎಲೆಗಳೇ.

ಇದಕ್ಕೆಲ್ಲ ಸ್ಕ್ವೂಶ್ (Squoosh) ಎಂಬ ವೆಬ್ ಆ್ಯಪ್ ಸಾಕು. ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ, ಫೋಟೋ ನಿಮ್ಮ ಸಾಧನ ಬಿಟ್ಟು ಎಲ್ಲೂ ಹೋಗುವುದಿಲ್ಲ. ನಡುವಿನ ಗೆರೆ ಎಳೆದರೆ ಒಂದು ಕಡೆ ಮೂಲ, ಇನ್ನೊಂದು ಕಡೆ ಇಳಿಸಿದ್ದು ಕಾಣುತ್ತದೆ. ಅಲ್ಲೇ ವೆಬ್‌ಪಿ (WebP) ಎಂಬ ಫಾರ್ಮ್ಯಾಟ್ ಆರಿಸಿ ನೋಡಿ, ಜೆಪೆಗ್‌ಗಿಂತ ಸಾಮಾನ್ಯವಾಗಿ ಕಾಲು ಭಾಗದಷ್ಟು ಚಿಕ್ಕದಾಗುತ್ತದೆ, ಈಗಿನ ಎಲ್ಲ ಬ್ರೌಸರ್‌ನಲ್ಲೂ ತೆರೆಯುತ್ತದೆ. ಎವಿಫ್ (AVIF) ಎಂಬ ಫಾರ್ಮ್ಯಾಟ್ ಇನ್ನೂ ಚಿಕ್ಕದು, ಆದರೆ ಹಳೇ ಫೋನಿನವರಿಗೆ ಕಾಣದೇ ಹೋಗಬಹುದು. ಒಂದು ಫಾರ್ಮ್ಯಾಟಿನ 75 ಇನ್ನೊಂದರ 75 ಅಲ್ಲ, ಫಾರ್ಮ್ಯಾಟ್ ಬದಲಿಸಿದರೆ ಮತ್ತೆ ಕಣ್ಣಿಂದಲೇ ನೋಡಿ.

ಚಾಟ್ ಆ್ಯಪ್‌ನಿಂದ ಬಂದ ಫೋಟೋ ಮಾತ್ರ ಬಳಸಬೇಡಿ. ಅದು ಆಗಲೇ ಹಿಂಡಿದ ಕಬ್ಬು. ಪ್ರತಿ ಸಲ ಜೆಪೆಗ್ ಆಗಿ ಉಳಿಸಿದಾಗಲೂ ಇನ್ನಷ್ಟು ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಕ್ಯಾಮೆರಾದ ಮೂಲ ಫೈಲ್ ಬೇರೆ ಕಡೆ ಜೋಪಾನವಾಗಿಟ್ಟು, ಯಾವಾಗಲೂ ಅದರಿಂದಲೇ ಚಿಕ್ಕದು ಮಾಡಿ.

ಪ್ರಶ್ನೆ: ಗೋಣಿಕೊಪ್ಪದಲ್ಲಿ ನಮ್ಮದು ಊಟದ ಮನೆ. ಮೆನು ಕಾರ್ಡಿನ ಚಿತ್ರ ಚಿಕ್ಕದು ಮಾಡಿದರೆ ಅಕ್ಷರದ ಸುತ್ತ ಕೊಳೆ ಹಿಡಿದಂತೆ ಕಾಣುತ್ತದೆ, ಯಾಕೆ?

ಉತ್ತರ: ಅಕ್ಷರದ ಚೂಪಾದ ಅಂಚು ಜೆಪೆಗ್‌ಗೆ ಆಗಿಬರುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಕಾರ್ಡ್ ಆಗಿದ್ದರೆ ಪಿಎನ್‌ಜಿ (PNG) ಫಾರ್ಮ್ಯಾಟಿನಲ್ಲಿ ಉಳಿಸಿ, ಬಣ್ಣಗಳನ್ನು 256ಕ್ಕೆ ಇಳಿಸಿ, ಫೈಲ್ ಚಿಕ್ಕದಾಗುತ್ತದೆ, ಅಂಚೂ ಕೆಡುವುದಿಲ್ಲ. ನನ್ನ ಕೇಳಿದರೆ ಚಿತ್ರವೇ ಬೇಡ. ಕಡಂಬುಟ್ಟು, ಪಂದಿ ಕರಿ, ನೂಲುಪುಟ್ಟು ಅಂತ ಬೆಲೆ ಸಮೇತ ಪುಟದಲ್ಲೇ ಟೈಪ್ ಮಾಡಿ. ಹುಡುಕುವವರಿಗೆ ಗೂಗಲ್‌ನಲ್ಲೂ ಸಿಗುತ್ತದೆ.