ಓದುಗರ ಪ್ರಶ್ನೆ: ‘ಸದನದಲ್ಲಿ ಕೇಳಿದೀನಿ’ ಅಂತಾರಲ್ಲ, ಏನಂತ ಕೇಳಿದರು?

ಅಧಿವೇಶನ ಹತ್ತಿರ ಬಂದಾಗಲೆಲ್ಲ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಎಂಎಲ್‌ಎಗಳ ಹೆಸರು ಜಾಸ್ತಿಯಾಗುತ್ತದೆ. ಆಸ್ಪತ್ರೆ, ಶಾಲೆ, ಬಸ್ಸು, ಪಿಂಚಣಿ ಇವುಗಳ ಬಗ್ಗೆ ಮಂತ್ರಿಗಳನ್ನು ಸದನದಲ್ಲಿ ಕೇಳುವುದು ಹೇಗೆ, ಕೇಳಿದರೆ ಏನಾದರೂ ಆಗುತ್ತಾ ಅಂತ ಈ ಸಲ ಸುಮಾರು ಜನ ಬರೆದಿದ್ದಾರೆ. ಬರೀ ಬೈಗುಳ ಇದ್ದ ಪತ್ರಗಳನ್ನು ಬದಿಗಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ಇಲ್ಲ. ಎಂಎಲ್‌ಎ ಅವರನ್ನು ಕೇಳಿದರೆ ‘ಸದನದಲ್ಲಿ ಪ್ರಶ್ನೆ ಹಾಕಿದೀನಿ’ ಅಂದರು. ಟಿವಿ ಮುಂದೆ ಕೂತು ನೋಡಿದೆ, ಅವರು ಬಾಯೇ ಬಿಡಲಿಲ್ಲ. ನಮಗೆ ಸುಳ್ಳು ಹೇಳಿದರಾ? (ಒಬ್ಬ ಗೃಹಿಣಿ, ಚಿತ್ರದುರ್ಗ ಜಿಲ್ಲೆ)

ಉತ್ತರ: ಸುಳ್ಳೇ ಆಗಿರಬೇಕು ಅಂತಿಲ್ಲ. ಸದನದಲ್ಲಿ ಪ್ರಶ್ನೆ ಕೇಳುವುದು ಅಂದರೆ ಎದ್ದು ನಿಂತು ಮಾತಾಡುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಹೆಚ್ಚಿನ ಪ್ರಶ್ನೆಗಳು ಕಾಗದದಲ್ಲಿ ಹೋಗಿ ಕಾಗದದಲ್ಲೇ ವಾಪಸ್ ಬರುತ್ತವೆ. ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ, ಯಾರೂ ಏಳಬೇಕಿಲ್ಲ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಆ 20ರಲ್ಲೂ ಒಂದು ಗಂಟೆಯೊಳಗೆ ಮಾತಿಗೆ ಬರುವುದು ಕೆಲವೇ. ನಮ್ಮ ವಿಧಾನಸಭೆಯ ಸಂಖ್ಯೆಗಳು ಬೇರೆ, ನಡೆಯುವ ರೀತಿ ಮಾತ್ರ ಇದೇ. 224 ಜನ ಶಾಸಕರಿಗೆ ಇರುವುದು ಅದೊಂದು ಪ್ರಶ್ನೋತ್ತರ ಅವಧಿ. ಎಲ್ಲರೂ ಎದ್ದು ಕೇಳಲು ಎಲ್ಲಿ ಸಾಧ್ಯ?

ಹಾಗಂತ ಎಂಎಲ್‌ಎ ಹೇಳಿದ್ದನ್ನು ಸುಮ್ನೆ ನಂಬಬೇಕಾಗಿಯೂ ಇಲ್ಲ. ಮುಂದಿನ ಸಲ ಸಿಕ್ಕಾಗ ಎರಡೇ ಎರಡು ವಿಷಯ ಕೇಳಿ. ಪ್ರಶ್ನೆಯ ಸಂಖ್ಯೆ ಎಷ್ಟು, ಉತ್ತರಿಸುವ ದಿನಾಂಕ ಯಾವುದು? ನಿಜವಾಗಿ ಹಾಕಿದ್ದರೆ ಅವರ ಪಿಎ ಫೋನಿನಲ್ಲೇ ಹೇಳುತ್ತಾರೆ. ವಿಧಾನಮಂಡಲದ ವೆಬ್‌ಸೈಟಿನಲ್ಲೂ ಪ್ರಶ್ನೆ-ಉತ್ತರಗಳನ್ನು ಹಾಕುತ್ತಾರೆ, ಕನ್ನಡದಲ್ಲೇ ಇರುತ್ತವೆ. ನಮ್ಮ ಊರಿನ ಹೆಸರಿರುವ ಉತ್ತರ ಓದುವುದು ಟಿವಿಯ ಗಲಾಟೆ ನೋಡುವುದಕ್ಕಿಂತ ಎಷ್ಟೋ ವಾಸಿ.

ಪ್ರಶ್ನೆ: ಮಂತ್ರಿ ಬೆಂಗಳೂರಲ್ಲಿ ಕೂತಿರ್ತಾರೆ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಇದಾರೋ ಇಲ್ಲವೋ ಅವರಿಗೆ ಹೇಗೆ ಗೊತ್ತಾಗುತ್ತೆ? ಉತ್ತರ ಬರೆದುಕೊಡೋರು ಯಾರು? (ಒಬ್ಬ ಪದವಿ ವಿದ್ಯಾರ್ಥಿ, ಸಿಂಧನೂರು)

ಉತ್ತರ: ನಿಮ್ಮ ಊರಿನವರೇ ಬರೆಯುತ್ತಾರೆ, ಅದೇ ಇದರ ಸ್ವಾರಸ್ಯ. ಸರ್ಕಾರಿ ಕಚೇರಿಗಳಲ್ಲಿ ‘ಎಲ್‌ಎಕ್ಯೂ ಬಂದಿದೆ’ ಅನ್ನುವ ಮಾತು ಕೇಳಿದ್ದೀರಾ? ವಿಧಾನಸಭೆಯ ಪ್ರಶ್ನೆಗೆ ನೌಕರರು ಹೇಳುವ ಹೆಸರು ಅದು. ವಿಧಾನ ಪರಿಷತ್ತಿನದಾದರೆ ಎಲ್‌ಸಿಕ್ಯೂ. ಅದು ಬಂತೆಂದರೆ ಮೇಜಿನ ಮೇಲಿನ ಬೇರೆ ಕಡತಗಳೆಲ್ಲ ಪಕ್ಕಕ್ಕೆ. ಪ್ರಶ್ನೆ ಸದನದ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಯ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಅವರಿಗೆ, ಅವರಿಂದ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಇಳಿಯುತ್ತದೆ. ಆಮೇಲೆ ಶಾಲೆಗಳ ವಾಟ್ಸಾಪ್ ಗುಂಪಿನಲ್ಲಿ ‘ತುರ್ತು, ಇವತ್ತೇ ಸಂಜೆಯೊಳಗೆ ಮಾಹಿತಿ ಕೊಡಿ’ ಅಂತ ಮೆಸೇಜು. ಹೆಡ್ ಮಾಸ್ಟರು ಬರೆದುಕೊಟ್ಟ ಅಂಕಿ ಮತ್ತೆ ಅದೇ ಮೆಟ್ಟಿಲು ಹತ್ತಿಕೊಂಡು ಮೇಲೆ ಹೋಗುತ್ತದೆ. ದಾರಿಯಲ್ಲಿ ಪ್ರತಿ ಮೇಜಿನಲ್ಲೂ ಒಂದಿಷ್ಟು ನಯ ಮಾಡುತ್ತಾರೆ. ‘ಇಲ್ಲ’ ಅಂತ ಇದ್ದದ್ದು ಮೇಲೆ ತಲುಪುವಷ್ಟರಲ್ಲಿ ‘ಕ್ರಮ ವಹಿಸಲಾಗುತ್ತಿದೆ’ ಆಗಿರುತ್ತದೆ. ಕೊನೆಗೆ ಮಂತ್ರಿಗಳು ಸಹಿ ಹಾಕುತ್ತಾರೆ, ಸದನದಲ್ಲಿ ಎದ್ದು ‘ಮಾನ್ಯ ಸಭಾಧ್ಯಕ್ಷರೇ, ಉತ್ತರ ಒದಗಿಸಿದೆ’ ಅನ್ನುತ್ತಾರೆ. ಮುಗಿಯಿತು.

ನನ್ನ ಲೆಕ್ಕದಲ್ಲಿ ಪ್ರಶ್ನೆಯ ನಿಜವಾದ ಕೆಲಸ ನಡೆಯುವುದು ಈ ಓಡಾಟದಲ್ಲೇ. ಎಷ್ಟೋ ಸಲ ಮೇಲಿನಿಂದ ಕಾಗದ ಬಂದಿದ್ದೇ ತಡ, ತಿಂಗಳುಗಟ್ಟಲೆ ಕೂತಿದ್ದ ಕಡತ ಎದ್ದು ಓಡುತ್ತದೆ. ಉತ್ತರದಲ್ಲಿ ‘ಸಮಸ್ಯೆ ಬಗೆಹರಿದಿದೆ’ ಅಂತ ಬರೆಯಬೇಕಾದರೆ ಮೊದಲು ಬಗೆಹರಿಸಿರಬೇಕಲ್ಲ!

ಪ್ರಶ್ನೆ: ನಾವೇ ಪ್ರಶ್ನೆ ಬರೆದು ಎಂಎಲ್‌ಎಗೆ ಕೊಡಬಹುದಾ? ಕೊಟ್ಟರೆ ಹೇಗೆ ಬರೆಯಬೇಕು? (ಒಬ್ಬ ನಿವೃತ್ತ ಶಿಕ್ಷಕರು, ಅರಸೀಕೆರೆ)

ಉತ್ತರ: ಧಾರಾಳವಾಗಿ ಕೊಡಬಹುದು ಸಾರ್. ಪ್ರಶ್ನೆ ಬರೆಯಲು ಶಾಸಕರಿಗೂ ಪುರಸೊತ್ತಿರುವುದಿಲ್ಲ. ತಯಾರಾದ ಪ್ರಶ್ನೆ ಕೈಗೆ ಬಂದರೆ ಯಾರು ತಾನೇ ಬೇಡ ಅಂತಾರೆ?

ಮೊದಲು ಆ ಉತ್ತರದ ಹಾಳೆ ಹೇಗಿರುತ್ತದೆ ನೋಡಿ. ಮೇಲೆ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ಸಚಿವರು, ದಿನಾಂಕ. ಕೆಳಗೆ ಎರಡು ಕಾಲಂ. ಎಡಗಡೆ ಪ್ರಶ್ನೆ, ಅ, ಆ, ಇ ಅಂತ ತುಂಡು ತುಂಡಾಗಿ. ಬಲಗಡೆ ಅದರದರ ಎದುರು ಉತ್ತರ. ಅ: ‘ತಾಲ್ಲೂಕಿನ ಆಸ್ಪತ್ರೆಗಳಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎದುರಿಗೆ: ‘ಬಂದಿದೆ.’ ಆ: ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಎದುರಿಗೆ: ‘ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ಕೈಗೊಳ್ಳಲಾಗುವುದು.’ ಒಂದು ಪ್ರಶ್ನೆ ಹೋಯಿತು, ಒಂದು ಉತ್ತರ ಬಂತು, ಡಾಕ್ಟರ್ ಬರಲಿಲ್ಲ. ‘ಗಮನಕ್ಕೆ ಬಂದಿದೆಯೇ’ ಅಂತ ಕೇಳುವುದು ಮಂತ್ರಿಗೆ ಮಾಡುವ ಉಪಕಾರ, ಅಷ್ಟೇ. ‘ಇಲ್ಲ’ ಅಂದರಂತೂ ಮುಂದಿನ ಸಾಲುಗಳಿಗೆಲ್ಲ ‘ಉದ್ಭವಿಸುವುದಿಲ್ಲ’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ.

ಆದ್ದರಿಂದ ‘ಯಾಕೆ’ ಅಂತ ಕೇಳಬೇಡಿ, ‘ಎಷ್ಟು, ಯಾವಾಗ, ಯಾರು’ ಅಂತ ಕೇಳಿ. ಈ ಆಸ್ಪತ್ರೆಗೆ ಮಂಜೂರಾದ ತಜ್ಞ ವೈದ್ಯರ ಹುದ್ದೆಗಳೆಷ್ಟು? ಭರ್ತಿಯಾದವು ಎಷ್ಟು? ಖಾಲಿ ಇರುವ ಒಂದೊಂದು ಹುದ್ದೆಯೂ ಯಾವ ದಿನಾಂಕದಿಂದ ಖಾಲಿ? ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಬೇರೆ ಕಡೆ ಕೆಲಸ ಮಾಡುತ್ತಿರುವವರು ಎಷ್ಟು, ಯಾವ ಆದೇಶದ ಮೇಲೆ? ಕಳೆದ ಮೂರು ವರ್ಷಗಳಲ್ಲಿ ಈ ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿದ ಹೆರಿಗೆ ಪ್ರಕರಣಗಳು ವರ್ಷವಾರು ಎಷ್ಟು?

ಆ ನಿಯೋಜನೆಯ ಸಾಲು ಮಾತ್ರ ಯಾವತ್ತೂ ಬಿಡಬೇಡಿ. ದಾಖಲೆಯಲ್ಲಿ ಹುದ್ದೆ ತುಂಬಿರುತ್ತದೆ, ಸಂಬಳ ಇಲ್ಲಿ ಬೀಳುತ್ತಿರುತ್ತದೆ, ಡಾಕ್ಟರ್ ಮಾತ್ರ ಜಿಲ್ಲಾ ಕೇಂದ್ರದಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಮೇಷ್ಟ್ರುಗಳ ವಿಷಯದಲ್ಲೂ ಹಾಗೇ. ‘ಖಾಲಿ ಹುದ್ದೆ ಎಷ್ಟು’ ಅಂತ ಮಾತ್ರ ಕೇಳಿದರೆ ‘ಇಲ್ಲ’ ಅನ್ನುವ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ.

ಪ್ರಶ್ನೆಯಲ್ಲಿ ವ್ಯಂಗ್ಯ, ಆರೋಪ, ವಾದ ಇದ್ದರೆ ತಿರಸ್ಕಾರವಾಗುತ್ತದೆ. ಕೋರ್ಟಿನಲ್ಲಿರುವ ವಿಷಯವನ್ನೂ ಒಪ್ಪುವುದಿಲ್ಲ. ಲೋಕಸಭೆಯಲ್ಲಾದರೆ ಒಂದು ಪ್ರಶ್ನೆ ಸಾಮಾನ್ಯವಾಗಿ 150 ಪದ ದಾಟುವಂತಿಲ್ಲ. ನಿಮ್ಮ ಸಿಟ್ಟನ್ನೆಲ್ಲ ಅಂಕಿಗೆ ಇಳಿಸಿ. ಮೇಷ್ಟ್ರಾಗಿದ್ದವರಿಗೆ ಪ್ರಶ್ನೆ ಪತ್ರಿಕೆ ಮಾಡುವುದನ್ನು ನಾನು ಹೇಳಿಕೊಡಬೇಕಾ!

ಪ್ರಶ್ನೆ: ರೈಲ್ವೆ ಗೇಟ್ ದಾಟಲು ದಿನಾ ಅರ್ಧ ಗಂಟೆ ಕಾಯ್ತೀವಿ. ಎಂಎಲ್‌ಎ ಯಾಕೆ ಕೇಳ್ತಾ ಇಲ್ಲ?

ಉತ್ತರ: ರೈಲು ಕೇಂದ್ರದ್ದು. ಸಂಸದರನ್ನು ಹಿಡಿಯಿರಿ. ಅಂಚೆ ಕಚೇರಿ, ರಾಷ್ಟ್ರೀಯ ಹೆದ್ದಾರಿ, ಪಿಎಫ್ ಇವೂ ಅವರಿಗೇ. ಲೋಕಸಭೆಗೆ ನಮ್ಮಿಂದ 28 ಜನ, ರಾಜ್ಯಸಭೆಗೆ 12 ಜನ ಇದ್ದಾರೆ. ತಾಲ್ಲೂಕು ಆಸ್ಪತ್ರೆ, ಪೊಲೀಸು, ಸರ್ಕಾರಿ ಬಸ್ಸು, ಕಂದಾಯ ಇವು ರಾಜ್ಯದವು. ತಪ್ಪು ಮನೆಗೆ ಹೋದ ಪ್ರಶ್ನೆಯನ್ನು ಸ್ವೀಕರಿಸುವುದೇ ಇಲ್ಲ.

ಪ್ರಶ್ನೆ: ಬಾವಿಗಿಳಿದು ಧರಣಿ ಮಾಡಿ ಸದನ ಮುಂದೂಡಿಸ್ತಾರಲ್ಲ, ಆವತ್ತಿನ ಪ್ರಶ್ನೆಗಳ ಗತಿ? (ಒಬ್ಬ ಅಂಗಡಿ ಮಾಲೀಕರು, ಗೋಕಾಕ)

ಉತ್ತರ: ಕಾಗದದ ಉತ್ತರ ಸಿಕ್ಕೇ ಸಿಗುತ್ತದೆ. ಬಾಯಿಗೆ ಬರದೇ ಉಳಿದ ಚುಕ್ಕೆಯ ಪ್ರಶ್ನೆಗಳ ಉತ್ತರವನ್ನೂ ಲಿಖಿತವಾಗಿ ಮಂಡಿಸುತ್ತಾರೆ. ಕೈತಪ್ಪುವುದು ಉಪಪ್ರಶ್ನೆ. ಅದು ಸಣ್ಣ ನಷ್ಟವಲ್ಲ. ಉತ್ತರ ಅಧಿಕಾರಿಗಳು ಬರೆದಿದ್ದು, ಉಪಪ್ರಶ್ನೆ ಮಾತ್ರ ಮಂತ್ರಿಯ ತಲೆಗೇ ಬರುವಂಥದ್ದು. ‘ಹಂತ ಹಂತವಾಗಿ ಅಂದರೆ ಯಾವ ತಿಂಗಳು ಸ್ವಾಮಿ?’ ಅಂತ ಕೇಳಿದಾಗ ಅವರು ಹಿಂದೆ ತಿರುಗಿ ಅಧಿಕಾರಿಗಳ ಗ್ಯಾಲರಿ ಕಡೆ ನೋಡುತ್ತಾರೆ, ಚೀಟಿ ಬರುತ್ತದೆ, ಆ ಒಂದು ನಿಮಿಷದಲ್ಲಿ ಮಂತ್ರಿಗೆ ಇಲಾಖೆ ಎಷ್ಟು ಗೊತ್ತು ಅನ್ನುವುದು ಎಲ್ಲರಿಗೂ ಕಾಣಿಸುತ್ತದೆ. ಬ್ರಿಟಿಷರ ಕಾಲದಲ್ಲಿ ಇದರ ಭಯ ಎಷ್ಟಿತ್ತೆಂದರೆ, 1892ರ ಕಾನೂನಿನಲ್ಲಿ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಕೊಟ್ಟರು, ಉಪಪ್ರಶ್ನೆ ಕೊಡಲಿಲ್ಲ. 1909ರವರೆಗೆ ಕಾಯಬೇಕಾಯಿತು. ಅಷ್ಟು ಕಾದು ಪಡೆದದ್ದನ್ನು ಈಗ ನಾವೇ ಗಲಾಟೆಯಲ್ಲಿ ಬಿಟ್ಟುಕೊಡುತ್ತೇವೆ. ಆಳುವವರಿಗೆ ಇದಕ್ಕಿಂತ ಖುಷಿ ಇನ್ನೇನಿದೆ? 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣ ಕೊಟ್ಟು ಸಂಸತ್ತಿನಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಿದ್ದರು. ಲಿಖಿತ ಉತ್ತರ ಮಾತ್ರ ಇತ್ತು. ಆಗ ವಿರೋಧ ಪಕ್ಷಗಳು ಕೂಗಾಡಿದ್ದು ಸರಿಯಾಗೇ ಇತ್ತು.

ಪ್ರಶ್ನೆ: ಬರೀ ಪ್ರಶ್ನೆ ಕೇಳಿ ಯಾವ ಮಂತ್ರಿ ತಾನೇ ಮನೆಗೆ ಹೋಗಿದ್ದಾರೆ? (ಒಬ್ಬ ಬ್ಯಾಂಕ್ ನೌಕರರು, ಶಿವಮೊಗ್ಗ)

ಉತ್ತರ: ಹೋಗಿದ್ದಾರೆ. ಎಲ್‌ಐಸಿ ಶುರುವಾಗಿದ್ದು 1956ರಲ್ಲಿ. ಮರುವರ್ಷವೇ ಅದು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳನ್ನು ಒಂದೂಕಾಲು ಕೋಟಿ ರೂಪಾಯಿಯಷ್ಟು ಕೊಂಡಿತ್ತು. ಜನರ ವಿಮೆಯ ದುಡ್ಡು, ಆ ಕಾಲದ ಒಂದೂಕಾಲು ಕೋಟಿ. ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ಸರ್ಕಾರ ಜಾರಿಕೊಳ್ಳಲು ನೋಡಿತು. ಫಿರೋಜ್ ಗಾಂಧಿ ಬಿಡಲಿಲ್ಲ. ಅವರು ಆಳುವ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ ಬೇರೆ. ಎಂ.ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ಬಂತು, 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆಳುವ ಪಕ್ಷದ ಎಂಎಲ್‌ಎ ತಮ್ಮದೇ ಮಂತ್ರಿಯನ್ನು ಪ್ರಶ್ನೆ ಕೇಳಬಾರದು ಅನ್ನುವ ನಿಯಮ ಎಲ್ಲೂ ಇಲ್ಲ. ಧೈರ್ಯ ಇಲ್ಲ, ಅಷ್ಟೇ.

ಪ್ರಶ್ನೆ: ದುಡ್ಡು ತಗೊಂಡು ಪ್ರಶ್ನೆ ಕೇಳ್ತಾರಂತೆ, ನಿಜವಾ?

ಉತ್ತರ: 2005ರಲ್ಲಿ ಒಂದು ರಹಸ್ಯ ಕಾರ್ಯಾಚರಣೆಯಲ್ಲಿ ಸಿಕ್ಕಿಬಿದ್ದು 11 ಸಂಸದರು ಸದಸ್ಯತ್ವ ಕಳೆದುಕೊಂಡರು. ಲೋಕಸಭೆಯವರು 10, ರಾಜ್ಯಸಭೆಯವರು ಒಬ್ಬರು. ಹಾಗಂತ ನೀವು ಅರ್ಜಿ ಜೊತೆ ಕವರ್ ಕೊಡಬೇಕಾಗುತ್ತೇನೋ ಅಂತ ಹೆದರಬೇಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಸದನದಲ್ಲಿ ‘ಈ ವರ್ಷವೇ ಹಾಸ್ಟೆಲ್ ಕಟ್ಟಿಸ್ತೀವಿ’ ಅಂತ ಮಂತ್ರಿ ಹೇಳಿದರು. ಇವತ್ತಿಗೂ ಅಲ್ಲಿ ಜಾಲಿ ಗಿಡ. ಯಾರನ್ನ ಕೇಳೋದು? (ಒಬ್ಬ ಪೋಷಕರು, ಯಾದಗಿರಿ ಜಿಲ್ಲೆ)

ಉತ್ತರ: ಸದನದಲ್ಲಿ ಆಡಿದ ಮಾತಿಗೆ ವೇದಿಕೆಯ ಮಾತಿಗಿಂತ ತೂಕ ಜಾಸ್ತಿ. ‘ಮಾಡುತ್ತೇವೆ’, ‘ಪರಿಶೀಲಿಸುತ್ತೇವೆ’ ಅಂದಿದ್ದನ್ನು ಭರವಸೆ ಅಂತ ದಾಖಲಿಸಿ ಬೆನ್ನು ಹತ್ತುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಇದೆ, ನಮ್ಮ ಎರಡೂ ಸದನಗಳಲ್ಲಿ. ಅಲ್ಲಿಗೆ ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ. ಸಂಸತ್ತಿನಲ್ಲಿ ಭರವಸೆ ಈಡೇರಿಸಲು ಮೂರು ತಿಂಗಳ ಗಡುವು. ಗಡುವು ಮೀರುವುದೂ ಉಂಟು, ಅವಧಿ ವಿಸ್ತರಣೆ ಕೇಳುವುದೂ ಉಂಟು. ನೀವು ಮಾಡಬೇಕಾದ್ದು ಇಷ್ಟು. ಆ ದಿನದ ಕಾರ್ಯಕಲಾಪದ ವರದಿಯಲ್ಲಿ ಮಂತ್ರಿಯ ಮಾತು ಹುಡುಕಿ, ಆ ಪುಟ ತೆಗೆದುಕೊಂಡು, ಅದನ್ನು ಉಲ್ಲೇಖಿಸಿ ಸಮಿತಿಗೆ ಬರೆಯಿರಿ. ಜೊತೆಗೆ ಇಲಾಖೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ: ಈ ಭರವಸೆಯ ಮೇಲೆ ಇಲ್ಲಿಯವರೆಗೆ ಕೈಗೊಂಡ ಕ್ರಮದ ಕಡತದ ನಕಲು ಕೊಡಿ ಅಂತ. ಹಾಸ್ಟೆಲ್ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಯಾವ ಮೇಜಿನಲ್ಲಿ ಕಡತ ಕೂತಿದೆ ಅನ್ನುವುದಂತೂ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಎಂಎಲ್‌ಎ ಸದನಕ್ಕೇ ಹೋಗಲ್ಲ. ನಾವೇನು ಮಾಡೋಣ? (ನೊಂದ ಮತದಾರ, ಊರು ಬೇಡ)

ಉತ್ತರ: ಬೇರೆಯವರಿಂದ ಕೇಳಿಸಿ. ನಿಮ್ಮ ಕ್ಷೇತ್ರದ ಪ್ರಶ್ನೆಯನ್ನು ನಿಮ್ಮ ಎಂಎಲ್‌ಎಯೇ ಕೇಳಬೇಕೆಂಬ ಕಟ್ಟಳೆ ಇಲ್ಲ. ಪಕ್ಕದ ತಾಲ್ಲೂಕಿನವರು ಕೇಳಬಹುದು, ವಿರೋಧ ಪಕ್ಷದವರಂತೂ ಖುಷಿಯಿಂದ ಕೇಳುತ್ತಾರೆ. ಪರಿಷತ್ತನ್ನು ನಾವು ಮರೆತೇಬಿಡುತ್ತೇವೆ. ಅಲ್ಲಿರುವ 75 ಜನರಲ್ಲಿ 7 ಜನ ಪದವೀಧರರಿಂದ, 7 ಜನ ಶಿಕ್ಷಕರಿಂದ, 25 ಜನ ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬಂದವರು. ನೀವು ಪದವೀಧರರಾಗಿ ಪಟ್ಟಿಯಲ್ಲಿ ಹೆಸರು ಸೇರಿಸಿದ್ದರೆ ನಿಮ್ಮ ವೋಟು ಅಲ್ಲೂ ಇದೆ. ಎಂಎಲ್‌ಸಿಗಳ ಕಚೇರಿಯಲ್ಲಿ ಎಂಎಲ್‌ಎ ಮನೆ ಮುಂದಿನಷ್ಟು ಜನಜಂಗುಳಿಯೂ ಇರುವುದಿಲ್ಲ. ಪ್ರಶ್ನೆಗೆ ಸಮಯ ಮೀರಿದ್ದರೆ ಗಮನ ಸೆಳೆಯುವ ಸೂಚನೆ, ಅಂದರೆ ತುರ್ತು ವಿಷಯದತ್ತ ಮಂತ್ರಿಯ ಗಮನ ಸೆಳೆಯುವ ನೋಟಿಸು, ಕೊಡಲು ಕೇಳಿಕೊಳ್ಳಿ. ಪರಿಷತ್ತಿನಲ್ಲಿ ನಿಯಮ 330ರ ಅಡಿಯಲ್ಲೂ ವಿಷಯ ಎತ್ತಬಹುದು.

ಒಂದೇ ಹಾಳೆ, ಐದಾರು ಸಾಲು, ಕೆಳಗೆ ನಿಮ್ಮ ಫೋನ್ ನಂಬರ್. ಅಧಿವೇಶನದ ತಾರೀಕು ಪ್ರಕಟವಾದ ವಾರವೇ ತಲುಪಿಸಿ. ಸದನ ಶುರುವಾದ ಮೇಲೆ ಕೊಟ್ಟರೆ ಪಿಎ ಅದನ್ನು ಜೇಬಿಗಿಟ್ಟುಕೊಂಡು ‘ನೋಡೋಣ’ ಅನ್ನುತ್ತಾರೆ.