ವೂಷಿಯಾ ಕಥೆಗಳಲ್ಲಿ ಬರುವ ‘ಒಂದು ಊದುಬತ್ತಿ ಹೊತ್ತು’ ಅಂದರೆ ಎಷ್ಟು?

ಚೀನಾದ ವೂಷಿಯಾ, ಅಂದರೆ ಕತ್ತಿವರಸೆ ವೀರರ ಕಾದಂಬರಿಗಳಲ್ಲಿ ‘ಒಂದು ಊದುಬತ್ತಿ ಹೊತ್ತು ಕಾದ’, ‘ಚಿನ್ನದ ಬೋಗುಣಿಯಲ್ಲಿ ಕೈ ತೊಳೆದ’ ಅಂತೆಲ್ಲ ಬರುತ್ತದೆ, ಇದು ಅನುವಾದದ ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ನಾನೂ ಇಂಗ್ಲಿಷಿನಲ್ಲೇ ಓದಿದವನು, ಮೊದಮೊದಲು ಹೀಗೇ ಮುಗ್ಗರಿಸಿದ್ದೆ.

ಊದುಬತ್ತಿ ಹೊತ್ತಿನ ಲೆಕ್ಕ. ಹಳೆ ಚೀನಾದಲ್ಲಿ ದಿನಕ್ಕೆ 12 ಶಿಚೆನ್, ಒಂದೊಂದೂ ನಮ್ಮ 2 ಗಂಟೆ. ಅದಕ್ಕಿಂತ ಚಿಕ್ಕ ಹೊತ್ತಿಗೆ ಮನೆಯ ಸಾಮಾನೇ ಅಳತೆ: ಒಂದು ಬಟ್ಟಲು ಚಹಾ ಕುಡಿಯುವಷ್ಟು, ಒಂದು ಊಟ ಮುಗಿಯುವಷ್ಟು, ಒಂದು ಊದುಬತ್ತಿ ಉರಿಯುವಷ್ಟು. ಕೊನೆಯದನ್ನು ಸುಮಾರು ಅರ್ಧ ಗಂಟೆ ಅಂತ ಹಿಡಿಯಿರಿ. ಬೌದ್ಧ ಮಠಗಳಲ್ಲಿ ಧ್ಯಾನದ ಹೊತ್ತನ್ನು ನಿಜಕ್ಕೂ ಹೀಗೇ ಅಳೆಯುತ್ತಿದ್ದರು. ಒಂದು ಸಲ ಸುಮ್ನೆ ದೇವರ ಮನೆಯ ಕಡ್ಡಿ ಹಚ್ಚಿ ಮೊಬೈಲಲ್ಲಿ ಟೈಮ್ ನೋಡಿದೆ. 40 ನಿಮಿಷ ಬಂತು. ಫ್ಯಾನ್ ಹಾಕಿದರೆ ಅರ್ಧ ಗಂಟೆಗೇ ಬೂದಿ. ನಮ್ಮಜ್ಜಿಯ ‘ಎಲೆ ಅಡಿಕೆ ಹಾಕ್ಕೊಳ್ಳೋಷ್ಟು ಹೊತ್ತು’ ಕೂಡ ಇಷ್ಟೇ ನಿಖರ.

ಕೈ ತೊಳೆಯುವ ಮಾತು ಕನ್ನಡದವರಿಗೆ ಜಾಸ್ತಿ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ‘ಕೈ ತೊಳೆದುಕೊಂಡ’ ಅಂದರೆ ಮೆತ್ತಗೆ ಜಾರಿಕೊಂಡ ಅಂತ, ಅಲ್ವಾ? ಅಲ್ಲಿ ಉಲ್ಟಾ. ಕತ್ತಿವರಸೆ ಲೋಕ ಬಿಡುವ ವೀರ ಊರಿಗೆಲ್ಲ ಕರೆ ಕಳಿಸಿ, ಊಟ ಹಾಕಿಸಿ, ಎಲ್ಲರ ಎದುರು ಚಿನ್ನದ ಬೋಗುಣಿಯ ನೀರಿನಲ್ಲಿ ಕೈ ಅದ್ದಬೇಕು. ಅಲ್ಲಿಂದ ಮುಂದೆ ಅವನು ಯಾರ ಜಗಳಕ್ಕೂ ಇಲ್ಲ. ವೂಷಿಯಾ ಲೇಖಕ ಜಿನ್ ಯೋಂಗ್ 1967ರಲ್ಲಿ ಧಾರಾವಾಹಿಯಾಗಿ ಶುರುಮಾಡಿದ ಕಾದಂಬರಿಯೊಂದರಲ್ಲಿ ಲಿಯು ಝೆಂಗ್‌ಫೆಂಗ್ ಎಂಬಾತ ಹೀಗೆ ನಿವೃತ್ತಿಗೆ ನಿಲ್ಲುತ್ತಾನೆ. ಮನೆ ತುಂಬ ಅತಿಥಿಗಳು. ಬೆರಳು ಇನ್ನೇನು ನೀರು ಮುಟ್ಟಬೇಕು, ಬಾಗಿಲಿನಿಂದ ‘ನಿಲ್ಲಿಸಿ!’ ಅಂತ ಕೂಗು. ಬಾವುಟ ಹಿಡಿದವನೊಬ್ಬ ಒಳಗೆ ಬರುತ್ತಾನೆ. ಮುಂದಿನದು ಹೇಳಲ್ಲ, ಆದರೆ ಆ ಬೋಗುಣಿ ಅಷ್ಟು ಹೊತ್ತು ಅಲ್ಲೇ ಕೂತಿರುವುದು ನನಗೆ ಎಲ್ಲ ಕತ್ತಿ ಕಾಳಗಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಇವತ್ತಿಗೂ ಚೀನೀ ಭಾಷೆಯಲ್ಲಿ ಹಳೆ ದಂಧೆ ಬಿಟ್ಟವನಿಗೆ ಇದೇ ಮಾತು ಬಳಸುತ್ತಾರೆ.

ಹೀಗಾಗಿ ಕತ್ತಿಗಿಂತ ಮೇಜಿನ ಮೇಲಿನ ಸಾಮಾನು ನೋಡಿ. ವೀರ ಹೋಟೆಲಿಗೆ ಬಂದವನೇ ಹೆಂಡ, ದನದ ಮಾಂಸ ಕೇಳುತ್ತಾನೆ. ಹಳೆ ಚೀನೀ ಕಾದಂಬರಿ ‘ವಾಟರ್ ಮಾರ್ಜಿನ್’ನ ವೀರ ವೂ ಸೋಂಗ್ ಕೇಳಿದ್ದೂ ಅದನ್ನೇ. ಅಲ್ಲಿ ‘ಮೂರು ಬಟ್ಟಲು ಕುಡಿದವನು ಗುಡ್ಡ ದಾಟಲಾರ’ ಅಂತ ಬೋರ್ಡು. ಅವನು 18 ಬಟ್ಟಲು ಕುಡಿದು ಗುಡ್ಡ ಹತ್ತಿ ಹುಲಿಯನ್ನು ಗುದ್ದಿ ಕೊಂದ. ಆ ಕಥೆ ನಡೆಯುವ ಸೋಂಗ್ ರಾಜವಂಶದ ಕಾಲದಲ್ಲಿ ಉಳುವ ಎತ್ತು ಕಡಿಯುವುದು ಅಪರಾಧ. ಅಂದರೆ ಆ ತಟ್ಟೆಯೇ ‘ನಾನು ಕಾನೂನಿಗೆ ಹೆದರಲ್ಲ’ ಅನ್ನುತ್ತದೆ.

ಕಿಟಕಿಗೆ ಬೆರಳು ನೆಕ್ಕಿ ತೂತು ಮಾಡಿದ ಅಂತ ಓದಿ ಗಾಬರಿಯಾಗಬೇಡಿ. ಕಿಟಕಿಗೆ ಕಾಗದ ಅಂಟಿಸಿರುತ್ತಾರೆ. ಎಂಜಲು ಹಚ್ಚಿ ಒತ್ತಿದರೆ ಪರ್ ಅನ್ನದೆ ತೂತಾಗುತ್ತದೆ.

ನನಗೆ ತುಂಬ ಇಷ್ಟ ಈ ಕಥೆಗಳಲ್ಲಿ ಬರುವ ಭಿಕ್ಷುಕರ ಪಂಗಡದ ಕೋಲು. ದೊಡ್ಡ ದೊಡ್ಡ ಕತ್ತಿಗಳಿರುವ ಲೋಕದಲ್ಲಿ ಅವರ ನಾಯಕನ ಅಧಿಕಾರದ ಗುರುತು, ನಾಯಿ ಓಡಿಸುವ ಹಸಿರು ಬಿದಿರು ಕೋಲು. ಉಳಿದವರ ದರ್ಜೆ ಗೊತ್ತಾಗುವುದು ಮೈಮೇಲಿನ ಜೋಳಿಗೆ ಎಣಿಸಿದರೆ. ಒಂಬತ್ತಿದ್ದರೆ ಹಿರಿಯ.

ಇನ್ನೆರಡು ಬೇಗ ಹೇಳಿಬಿಡುತ್ತೇನೆ. ‘ವಿನೆಗರ್ ಕುಡಿದಳು’ ಅಂದರೆ ಪ್ರೀತಿಯಲ್ಲಿ ಹೊಟ್ಟೆಕಿಚ್ಚು. ‘ಹಸಿರು ಬೆಟ್ಟ ಬದಲಾಗಲ್ಲ, ನೀರು ಹರಿಯೋದು ನಿಲ್ಲಲ್ಲ’ ಅಂದರೆ ಮತ್ತೆ ಸಿಗೋಣ ಅಂತ ಬೀಳ್ಕೊಡುಗೆ. ಆದರೆ ಸೋತು ಓಡುವವನು ಇದನ್ನು ಹೇಳಿದರೆ ಹುಷಾರು, ನೂರಿನ್ನೂರು ಪುಟದೊಳಗೆ ಅವನು ಗುರುವನ್ನು ಕರೆದುಕೊಂಡು ವಾಪಸ್ ಬರುತ್ತಾನೆ.