ಏನೂ ಕೊಳ್ಳದೆ ಕೂತು ಎದ್ದು ಹೋಗುವ ಜಾಗ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು: ಅಮೆರಿಕದ ಹೆದ್ದಾರಿ ಪಕ್ಕದ ರೆಸ್ಟ್ ಏರಿಯಾಗಳು, ಅಂದರೆ ದಾರಿಹೋಕರು ಗಾಡಿ ನಿಲ್ಲಿಸಿ ದಣಿವಾರಿಸಿಕೊಳ್ಳಲೆಂದು ಸರ್ಕಾರ ಮಾಡಿದ ಜಾಗಗಳು. ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಕಾರಿನಲ್ಲಿ ದೂರ ಪ್ರಯಾಣ ಮಾಡಿದೆವು. ಹಿಂದೆ ಒಮ್ಮೆ ಹೋದಾಗ ಅದೇ ದಾರಿಯಲ್ಲಿ ಒಂದು ರೆಸ್ಟ್ ಏರಿಯಾ ಇತ್ತು. ಮರದ ಕೆಳಗೆ ಬೆಂಚು, ಶುಚಿಯಾದ ಶೌಚಾಲಯ. ಈ ಸಲ ನೋಡಿದರೆ ಒಳಗೆ ಹೋಗುವ ದಾರಿಗೆ ಕಾಂಕ್ರೀಟ್ ದಿಮ್ಮಿ ಅಡ್ಡ ಇಟ್ಟಿದ್ದಾರೆ. ಮುಂದಿನ ಎಕ್ಸಿಟ್‌ನಲ್ಲಿ, ಅಂದರೆ ಹೆದ್ದಾರಿಯಿಂದ ಹೊರಗಿಳಿಯುವ ದಾರಿಯಲ್ಲಿ, ಪೆಟ್ರೋಲ್ ಬಂಕಿಗೆ ಹೋದೆವು. ಶೌಚಾಲಯದ ಬೀಗದ ಕೈ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ "ಏನಾದರೂ ತಗೊಳ್ತೀರಾ?" ಅಂದ. ಬೇಡದಿದ್ದರೂ ಒಂದು ನೀರಿನ ಬಾಟ್ಲಿ ತಗೊಂಡೆ. ಅಷ್ಟು ಶ್ರೀಮಂತ ದೇಶ, ಇದ್ದದ್ದನ್ನು ಯಾಕೆ ಮುಚ್ಚುತ್ತಾರೆ?

ಉತ್ತರ: ಅಮ್ಮಾ, ಆ ನೀರಿನ ಬಾಟ್ಲಿಯ ಮಾತು ಓದಿ ಮನಸ್ಸಿಗೆ ಕಷ್ಟವಾಯಿತು. ಆ ವಯಸ್ಸಿನಲ್ಲಿ, ಆ ಅವಸರದಲ್ಲಿ, ಕೌಂಟರ್ ಮುಂದೆ ನಿಂತು ಏನು ಕೊಳ್ಳಲಿ ಅಂತ ಹುಡುಕುವುದು ಯಾರಿಗೂ ಬರಬಾರದು.

ಯಾಕೆ ಮುಚ್ಚುತ್ತಾರೆ ಅಂದರೆ, ಕಟ್ಟುವವರು ಒಬ್ಬರು, ಸಾಕುವವರು ಇನ್ನೊಬ್ಬರು. ಇಂಟರ್‌ಸ್ಟೇಟ್, ಅಂದರೆ ರಾಜ್ಯ ರಾಜ್ಯಗಳನ್ನು ಜೋಡಿಸುವ ಹೆದ್ದಾರಿಗಳ ದೊಡ್ಡ ಕೆಲಸ ಶುರುವಾದದ್ದು 1956ರ ಕಾನೂನಿನಿಂದ. ಕಟ್ಟುವ ಖರ್ಚಿನ ದೊಡ್ಡ ಪಾಲನ್ನು ಕೇಂದ್ರ ಸರ್ಕಾರ ಕೊಟ್ಟಿತು. ಆದರೆ ದಿನಾ ಗುಡಿಸುವುದು, ನಲ್ಲಿ ರಿಪೇರಿ, ದೀಪದ ಬಿಲ್ಲು, ಹುಲ್ಲು ಕತ್ತರಿಸುವುದು, ಇದೆಲ್ಲ ಆಯಾ ರಾಜ್ಯದ ತಲೆ ಮೇಲೆ. ರಾಜ್ಯದ ಬೊಕ್ಕಸ ಬರಿದಾದಾಗ ರಸ್ತೆಯ ಗುಂಡಿ ಮುಚ್ಚುವುದನ್ನು ನಿಲ್ಲಿಸಲು ಆಗಲ್ಲ, ಸೇತುವೆ ಬಿಡಲು ಆಗಲ್ಲ, ಹಾಗಾಗಿ ಮೊದಲ ಕತ್ತರಿ ಬೀಳುವುದು ಇದಕ್ಕೇ. ಆರ್ಥಿಕ ಕುಸಿತದ ಹೊತ್ತು, 2009ರಲ್ಲಿ, ವರ್ಜೀನಿಯಾ ರಾಜ್ಯ ತನ್ನ 42 ರೆಸ್ಟ್ ಏರಿಯಾಗಳಲ್ಲಿ 19ನ್ನು ಮುಚ್ಚಿತು. ಉಳಿಯುತ್ತಿದ್ದ ಹಣ ವರ್ಷಕ್ಕೆ ಸುಮಾರು 90 ಲಕ್ಷ ಡಾಲರ್. ಅದೇ ವರ್ಷ ಅರಿಜೋನಾ ಕೂಡ 13ಕ್ಕೆ ಬೀಗ ಹಾಕಿತು, ಅದೂ ಮರುಭೂಮಿಯ ರಾಜ್ಯ, ಅಲ್ವಾ!

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. ಈ ಕಟ್ಟಡಗಳಲ್ಲಿ ಬಹಳಷ್ಟು 1960-70ರ ದಶಕದವು. ಊರಿಂದ ಊರಿಗೆ ನಡುವೆ, ಏನೂ ಇಲ್ಲದ ಕಡೆ ಕಟ್ಟಿದವು. ಅದೇ ಅವುಗಳ ಉದ್ದೇಶ, ಅದೇ ಅವುಗಳ ಕಷ್ಟ ಕೂಡ. ಊರಿನ ನೀರಿನ ಪೈಪು ಅಲ್ಲಿಗೆ ಬರುವುದಿಲ್ಲ, ಒಳಚರಂಡಿಯೂ ಬರುವುದಿಲ್ಲ. ಸ್ವಂತ ಬೋರ್‌ವೆಲ್ ಬೇಕು, ಆ ನೀರನ್ನು ಪರೀಕ್ಷೆ ಮಾಡಿಸುತ್ತಿರಬೇಕು, ಕೊಳಚೆಗೆ ಸ್ವಂತ ವ್ಯವಸ್ಥೆ ಬೇಕು. ಐವತ್ತು ವರ್ಷದ ಹಿಂದಿನ ಲೆಕ್ಕಕ್ಕೆ ಹಾಕಿದ ಪೈಪಿನ ಮೇಲೆ ಇವತ್ತಿನ ಜನಸಂದಣಿ. ಜೊತೆಗೆ 1990ರಲ್ಲಿ ಅಂಗವಿಕಲರ ಹಕ್ಕಿನ ಕಾನೂನು ಬಂತು. ಗಾಲಿಕುರ್ಚಿ ಒಳಗೆ ಹೋಗುವಂತೆ ಬಾಗಿಲು ಅಗಲ ಮಾಡಬೇಕು, ಇಳಿಜಾರು ದಾರಿ ಹಾಕಬೇಕು. ಆ ಕಾನೂನು ನೂರಕ್ಕೆ ನೂರು ಸರಿ. ಆದರೆ ಹಳೇ ಕಟ್ಟಡವನ್ನು ಹಾಗೆ ಮಾರ್ಪಾಡು ಮಾಡಲು ಬೇಕಾದ ಹಣ ಎಲ್ಲ ರಾಜ್ಯಗಳೂ ತೆಗೆದಿಡಲಿಲ್ಲ. ಹೊಸದಾಗಿ ಕಟ್ಟಬೇಕೆಂದರೆ ಲಕ್ಷಾಂತರ ಡಾಲರ್ ಬೇಕು, ಮುಚ್ಚಲು ನಾಲ್ಕು ಕಾಂಕ್ರೀಟ್ ದಿಮ್ಮಿ ಸಾಕು.

ಇದು ಶುರುವಾದ ರೀತಿ ನನಗೆ ಬಹಳ ಇಷ್ಟ. 1929ರಲ್ಲಿ ಮಿಷಿಗನ್ ರಾಜ್ಯದಲ್ಲಿ ಅಲೆನ್ ವಿಲಿಯಮ್ಸ್ ಅನ್ನುವ ರಸ್ತೆ ಎಂಜಿನಿಯರ್ ಒಬ್ಬರು, ದಾರಿ ಬದಿಯಲ್ಲಿ ಒಂದು ಕುಟುಂಬ ಮರದ ಬೊಡ್ಡೆಯ ಮೇಲೆ ಊಟ ಹರಡಿಕೊಂಡು ಒದ್ದಾಡುತ್ತಿದ್ದದ್ದನ್ನು ಕಂಡರಂತೆ. ರಸ್ತೆ ತಡೆಗಂಬಿಗೆ ತಂದು ಮಿಕ್ಕಿದ್ದ ಹಲಗೆಗಳಿಂದ ಮೇಜು ಮಾಡಿಸಿ ಅಲ್ಲೇ ಇಡಿಸಿದರು. ಅಷ್ಟೇ. ಯಾರೋ ದಾರಿಹೋಕರು ಕೂತು ಉಣ್ಣಲಿ ಅಂತ ರಸ್ತೆ ಇಲಾಖೆಯವರೇ ಯೋಚಿಸಿದ್ದು.

ಅದರ ಫಲವನ್ನು ನಾನೇ ಉಂಡಿದ್ದೇನೆ. ಸೌತ್ ಡಕೋಟಾದಲ್ಲಿ, ಐ-90 ಹೆದ್ದಾರಿಯಲ್ಲಿ, ಚೇಂಬರ್ಲಿನ್ ಹತ್ತಿರದ ರೆಸ್ಟ್ ಏರಿಯಾ. ಬೆಳಗ್ಗೆಯಿಂದ ಬರೀ ಹುಲ್ಲುಗಾವಲು ನೋಡಿ ನೋಡಿ ಕಣ್ಣು ಸೋತಿತ್ತು. ಆ ರಾಜ್ಯದ ರೆಸ್ಟ್ ಏರಿಯಾಗಳಲ್ಲಿ ಎಂಟು ಕಾಂಕ್ರೀಟ್ ಕಂಬಗಳನ್ನು ಮೇಲೆ ಕೂಡಿಸಿ ನಿಲ್ಲಿಸಿದ್ದಾರೆ, 56 ಅಡಿ ಎತ್ತರ, ಅಲ್ಲಿನ ಮೂಲನಿವಾಸಿಗಳ ಟೀಪಿ ಗುಡಾರದ ಅಸ್ಥಿಪಂಜರದ ಹಾಗೆ. ಇಲ್ಲೂ ಅದು ಇತ್ತು. ಕೆಳಗೆ ಮಿಸೌರಿ ನದಿ ಅಗಲವಾಗಿ ಹರಿಯುತ್ತಿತ್ತು. ಒಳಗೆ ಗೋಡೆಯಲ್ಲಿ ರಾಜ್ಯದ ದೊಡ್ಡ ನಕ್ಷೆ. ಅದರಲ್ಲಿ "ನೀವು ಇಲ್ಲಿದ್ದೀರಿ" ಅನ್ನುವ ಗುರುತಿನ ಜಾಗದಲ್ಲಿ ಬಣ್ಣವೇ ಇರಲಿಲ್ಲ, ಬೆರಳು ಇಟ್ಟು ಇಟ್ಟು ಸವೆದು ಬೆಳ್ಳಗಾಗಿತ್ತು. ಎಷ್ಟು ಸಾವಿರ ಜನ ಅಲ್ಲಿ ಬೆರಳಿಟ್ಟು ಮಕ್ಕಳಿಗೆ ತೋರಿಸಿರಬೇಕು! ನಮ್ಮ ಪಕ್ಕದ ಮೇಜಿನಲ್ಲಿ ಒಬ್ಬ ಟ್ರಕ್ ಡ್ರೈವರ್ ಶೂ ಬಿಚ್ಚಿ, ಕಾಲನ್ನು ಬೆಂಚಿನ ಮೇಲೆ ಚಾಚಿ, ಕಣ್ಣು ಮುಚ್ಚಿ ಕೂತಿದ್ದ. ಅರ್ಧ ಗಂಟೆ ಯಾರೂ ಅವನನ್ನು ಏನೂ ಕೇಳಲಿಲ್ಲ, ನಮ್ಮನ್ನೂ ಕೇಳಲಿಲ್ಲ.

ಮುಚ್ಚಿದ್ದು ಮುಚ್ಚಿದ್ದೇ ಅಂತ ಮಾತ್ರ ಅಂದುಕೊಳ್ಳಬೇಡಿ. ವರ್ಜೀನಿಯಾದಲ್ಲಿ ಜನ ಸುಮ್ನೆ ಕೂರಲಿಲ್ಲ. ಅದು ಚುನಾವಣೆಯ ಮಾತಾಯಿತು, ಹೊಸ ಗವರ್ನರ್ ಬಂದ ಮೇಲೆ 2010ರಲ್ಲಿ ಆ 19ನ್ನೂ ಮತ್ತೆ ತೆರೆದರು. ನಿಮ್ಮ ಮಗನಿಗೆ ಹೇಳಿ, ತನ್ನ ರಾಜ್ಯದ ಸಾರಿಗೆ ಇಲಾಖೆಗೆ ಒಂದು ಪತ್ರ ಬರೆಯಲಿ. ಆ ದಿಮ್ಮಿ, ಆ ಬಂಕು, ಆ ಬಾಟ್ಲಿ, ನೀವು ನನಗೆ ಬರೆದ ಹಾಗೇ ಬರೆಯಲಿ.

ಪ್ರಶ್ನೆ: ನನ್ನದು ಸ್ವಂತ ವ್ಯಾಪಾರ, ನೇರವಾಗಿ ಕೇಳುತ್ತೇನೆ. ಈಗ ಪ್ರತಿ ಎಕ್ಸಿಟ್‌ನಲ್ಲೂ ಪೆಟ್ರೋಲ್ ಬಂಕು, ಹೋಟೆಲು, ಶೌಚಾಲಯ ಎಲ್ಲ ಇರುವಾಗ ತೆರಿಗೆ ದುಡ್ಡಲ್ಲಿ ರೆಸ್ಟ್ ಏರಿಯಾ ಯಾಕೆ ಬೇಕು?

ಉತ್ತರ: ರಾಜ್ಯಗಳು ಮುಚ್ಚುವಾಗ ಹೇಳುವುದೂ ಇದನ್ನೇ. ಅರ್ಧ ನಿಜ. ಎಕ್ಸಿಟ್‌ಗಳಲ್ಲಿ ಸೌಕರ್ಯ ಜಾಸ್ತಿಯಾಗಿದೆ, ಕೆಲವು ಕಡೆ ರೆಸ್ಟ್ ಏರಿಯಾಗಿಂತ ಚೆನ್ನಾಗಿಯೂ ಇದೆ. ಆದರೆ ಅಂಗಡಿ ಬರುವುದು ಗಿರಾಕಿ ಇರುವ ಕಡೆ. ಗಿರಾಕಿ ಇಲ್ಲದ ನೂರು ಕಿಲೋಮೀಟರ್ ನಡುವೆಯೂ ಮನುಷ್ಯನಿಗೆ ನಿದ್ದೆ ಬರುತ್ತದೆ.

ಟ್ರಕ್ ಡ್ರೈವರ್‌ಗಳ ಲೆಕ್ಕ ನೋಡಿ. ಅಲ್ಲಿನ ನಿಯಮದ ಪ್ರಕಾರ ಒಬ್ಬ ಡ್ರೈವರ್ 11 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ, ಆಮೇಲೆ 10 ಗಂಟೆ ಬಿಡುವು ಕಡ್ಡಾಯ. 2017ರ ಡಿಸೆಂಬರ್‌ನಿಂದ ಇದನ್ನು ಗಾಡಿಯೊಳಗಿನ ಯಂತ್ರವೇ ದಾಖಲಿಸುತ್ತದೆ. ಗಂಟೆ ಮುಗಿಯಿತು ಅಂದರೆ ನಿಲ್ಲಿಸಲೇಬೇಕು. ಎಲ್ಲಿ ನಿಲ್ಲಿಸುವುದು? 2019ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ ಟ್ರಕ್ ನಿಲ್ಲಿಸಲು ಸುಮಾರು 3,13,000 ಜಾಗಗಳಿದ್ದವು. ಅದರಲ್ಲಿ ಸಾರ್ವಜನಿಕ ರೆಸ್ಟ್ ಏರಿಯಾಗಳಲ್ಲಿ ಇದ್ದದ್ದು ಸುಮಾರು 40,000 ಮಾತ್ರ. ಸುರಕ್ಷಿತ ಜಾಗ ಸಿಗುವುದು ಕಷ್ಟ ಅಂತ ನೂರಕ್ಕೆ 98 ಡ್ರೈವರ್‌ಗಳು ಹೇಳಿದರು. ಜಾಗ ಸಿಗದವರು ಹೆದ್ದಾರಿಗೆ ಇಳಿಯುವ ರ‍್ಯಾಂಪ್ ಪಕ್ಕ, ಕತ್ತಲಲ್ಲಿ, ಗಾಡಿ ಓರೆಯಾಗಿ ನಿಲ್ಲಿಸಿ ಮಲಗುತ್ತಾರೆ.

ಜೇಸನ್ ರಿವೆನ್‌ಬರ್ಗ್ ಅನ್ನುವ ಡ್ರೈವರ್ 2009ರ ಮಾರ್ಚ್‌ನಲ್ಲಿ ಹಾಲಿನ ಲೋಡ್ ತಗೊಂಡು ಸೌತ್ ಕೆರೊಲಿನಾ ತಲುಪಿದ್ದರು. ಇಳಿಸುವ ಹೊತ್ತು ಇನ್ನೂ ಆಗಿರಲಿಲ್ಲ. ಬೇರೆ ಜಾಗ ಇಲ್ಲದೆ, ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಮಲಗಿದರು. ಅಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಕಳ್ಳನಿಗೆ ಸಿಕ್ಕಿದ್ದು 7 ಡಾಲರ್. ಆಗ ಅವರ ಹೆಂಡತಿ ಅವಳಿ ಮಕ್ಕಳ ಬಸುರಿ. ಆ ಹೆಣ್ಣುಮಗಳು ಬಿಡದೆ ಹೋರಾಡಿದ್ದಕ್ಕೆ 2012ರಲ್ಲಿ ಟ್ರಕ್ ನಿಲುಗಡೆಯ ಕಾನೂನು ಬಂತು, ಅದನ್ನು ಜೇಸನ್ ಕಾನೂನು ಅಂತಲೇ ಕರೆಯುತ್ತಾರೆ. ಮೇಲೆ ಹೇಳಿದ ಸಮೀಕ್ಷೆ ನಡೆದದ್ದೂ ಆ ಕಾನೂನಿನ ಅಡಿಯಲ್ಲೇ.

ಇನ್ನೊಂದು ಮಾತು. ಶೌಚಾಲಯದ ಬೀಗದ ಕೈ ಅಂಗಡಿಯವನ ಹತ್ತಿರ ಮಾತ್ರ ಇದ್ದರೆ ಏನಾಗುತ್ತದೆ ಅಂತ ಆ ದೇಶ ಒಮ್ಮೆ ನೋಡಿದೆ. 1964ರ ನಾಗರಿಕ ಹಕ್ಕುಗಳ ಕಾನೂನು ಬರುವ ತನಕ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಪೆಟ್ರೋಲ್ ಹಾಕುತ್ತಿದ್ದರು, ಶೌಚಾಲಯ ಮಾತ್ರ ಇಲ್ಲ ಅನ್ನುತ್ತಿದ್ದ ಬಂಕುಗಳಿದ್ದವು. ಊಟದ ಜೊತೆ, ಮಕ್ಕಳ ಮೂತ್ರಕ್ಕೆಂದು ಒಂದು ಡಬ್ಬಿಯನ್ನೂ ಕಾರಿನಲ್ಲಿ ಇಟ್ಟುಕೊಂಡೇ ಆ ಕುಟುಂಬಗಳು ಪ್ರಯಾಣ ಹೊರಡುತ್ತಿದ್ದವು. ನಿಮ್ಮ ವ್ಯಾಪಾರದ ಮೇಲೆ ನನಗೆ ಗೌರವ ಇದೆ. ಆದರೆ ಗಿರಾಕಿಯನ್ನು ನೋಡಿಕೊಳ್ಳುವುದು ಬೇರೆ, ದಾರಿಹೋಕನನ್ನು ನೋಡಿಕೊಳ್ಳುವುದು ಬೇರೆ. ಎರಡನೆಯದನ್ನು ಅಂಗಡಿಯ ಮೇಲೆ ಹೊರಿಸಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಪ್ರಶ್ನೆ: ರೆಸ್ಟ್ ಏರಿಯಾ ಒಳಗೇ ಹೋಟೆಲ್‌ಗೆ ಜಾಗ ಬಾಡಿಗೆ ಕೊಟ್ಟರೆ ಖರ್ಚು ತಾನೇ ಹುಟ್ಟುತ್ತದಲ್ಲ? ಅಷ್ಟು ಸರಳ ಉಪಾಯ ಅವರಿಗೆ ಹೊಳೆದಿಲ್ಲವೇ?

ಉತ್ತರ: ಹೊಳೆದಿದೆ, ಕಾನೂನು ಬಿಡುವುದಿಲ್ಲ. ಇಂಟರ್‌ಸ್ಟೇಟ್ ಕಟ್ಟಲು ಹೊರಟಾಗ, ಹೆದ್ದಾರಿ ಬಂದರೆ ಹಳೇ ದಾರಿಯ ಊರುಗಳ ವ್ಯಾಪಾರ ಸಾಯುತ್ತದೆ ಅನ್ನುವ ಭಯ ಇತ್ತು. ಅದಕ್ಕೇ ಇಂಟರ್‌ಸ್ಟೇಟ್ ಜಾಗದೊಳಗೆ ಪೆಟ್ರೋಲ್, ಊಟ ಮಾರುವಂತಿಲ್ಲ ಅಂತ ಕಾನೂನಿನಲ್ಲೇ ಬರೆದರು. ಅದಕ್ಕೂ ಮುಂಚಿನ ಟೋಲ್ ರಸ್ತೆಗಳಿಗೆ ವಿನಾಯಿತಿ ಇದೆ. 1940ರಲ್ಲಿ ಶುರುವಾದ ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ನಲ್ಲಿ ಹೆದ್ದಾರಿ ಬಿಡದೆಯೇ ಊಟ ಸಿಗುವುದು ಅದರಿಂದ. 1982ರಲ್ಲಿ ಉಳಿದ ಕಡೆ ವೆಂಡಿಂಗ್ ಮಷಿನ್‌ಗೆ ಮಾತ್ರ ಒಪ್ಪಿಗೆ ಸಿಕ್ಕಿತು, ಅದನ್ನು ನಡೆಸಲು ಅಂಧರಿಗೆ ಮೊದಲ ಅವಕಾಶ ಕೊಡಬೇಕು ಅನ್ನುವ ಷರತ್ತಿನ ಮೇಲೆ. ಈಗ ಕಾನೂನು ಸಡಿಲಿಸುವ ಮಾತು ಬಂದಾಗೆಲ್ಲ ಎಕ್ಸಿಟ್‌ನ ಟ್ರಕ್ ಸ್ಟಾಪ್ ಮಾಲೀಕರೂ ಅಂಧರ ಸಂಘದವರೂ ಒಟ್ಟಿಗೆ ಬೇಡ ಅನ್ನುತ್ತಾರೆ. ಅಂಧರ ಮಾತಿನಲ್ಲಿ ನ್ಯಾಯ ಇದೆ. ಅದು ಅವರ ಅನ್ನ.

ಪ್ರಶ್ನೆ: ಓದಲು ಅಮೆರಿಕಕ್ಕೆ ಬಂದಿದ್ದೇನೆ. ದೂರ ಡ್ರೈವ್ ಮಾಡುವಾಗ ರೆಸ್ಟ್ ಏರಿಯಾದಲ್ಲಿ ಕಾರೊಳಗೆ ಮಲಗಬಹುದಾ ಅಕ್ಕ?

ಉತ್ತರ: ಬಹುತೇಕ ಕಡೆ ಮಲಗಬಹುದು. ಎಷ್ಟು ಹೊತ್ತು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲೋರಿಡಾದಲ್ಲಿ 3 ಗಂಟೆ, ವಾಷಿಂಗ್ಟನ್ ರಾಜ್ಯದಲ್ಲಿ 8, ಆರೆಗನ್‌ನಲ್ಲಿ 12, ಟೆಕ್ಸಸ್‌ನಲ್ಲಿ 24 ಗಂಟೆ. ಟೆಂಟ್ ಹಾಕುವುದು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ದೀಪದ ಕಂಬದ ಹತ್ತಿರ ನಿಲ್ಲಿಸು, ಬಾಗಿಲು ಲಾಕ್ ಮಾಡು, ಟ್ರಕ್‌ಗಳ ಸಾಲಿನಲ್ಲಿ ಮಾತ್ರ ನಿಲ್ಲಿಸಬೇಡ, ಅವರಿಗೆ ಜಾಗ ಮೊದಲೇ ಕಮ್ಮಿ. ಹಳೇ ಪಟ್ಟಿ ನಂಬಿ ಹೊರಡಬೇಡ. ಆ ರಾಜ್ಯದ ಸಾರಿಗೆ ಇಲಾಖೆಯ ವೆಬ್‌ಸೈಟ್‌ನಲ್ಲಿ ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಅಂತ ಹೊರಡುವ ದಿನವೇ ನೋಡಿಕೋ. ಕಣ್ಣು ಎಳೆಯಲು ಶುರುವಾದರೆ ಮುಂದಿನದ್ದಕ್ಕೆ ಕಾಯಬೇಡ, ಸಿಕ್ಕಿದ ಮೊದಲನೆಯದರಲ್ಲೇ ನಿಲ್ಲಿಸು.